ಬಾಣಲೆ ಎತ್ತಿದರೆ ಎಡಕ್ಕೆ

ಇಪ್ಪತ್ತೊಂಬತ್ತು ವರ್ಷ ನಾನು ಮತ್ತು ಎಲ್ಡನ್ ಕೊವಾಚ್ ಒಂದೇ ಸರಪಳಿಯ ಎರಡು ತುದಿಯಲ್ಲಿ ಬದುಕಿದೆವು. ಮದುವೆಯ ವಿಷಯ ಹೇಳುತ್ತಿಲ್ಲ. ಮದುವೆಗಳು ನಮಗೆ ಬೇರೆ ಬೇರೆ ಆಗಿದ್ದವು, ಅವುಗಳಲ್ಲಿ ಒಂದು ಮುರಿದೂ ಹೋಯಿತು, ಅದು ನನ್ನದು. ಇದು ನಿಜವಾದ ಉಕ್ಕಿನ ಸರಪಳಿ. ಉದ್ದ ಹತ್ತು ಗಜ, ಎರಡು ತುದಿಗೂ ಒಂದೊಂದು ಕಿತ್ತಳೆ ಬಣ್ಣದ ಕೋಲು. ಹಿಂದಿನ ಕೋಲು ನನ್ನದು, ಮುಂದಿನದು ಎಲ್ಡನ್‌ನದು. ಶುಕ್ರವಾರ ಸಂಜೆ ಟಿಲ್ಡನ್ ಫೋರ್ಕ್ ಹೈಸ್ಕೂಲಿನ ಹುಡುಗರು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಆಡುವಾಗ ಮೈದಾನದ ಅಂಚಿನಲ್ಲಿ ಅದನ್ನು ಹಿಡಿದು ನಿಲ್ಲುವುದು ನಮ್ಮ ಕೆಲಸ. ನಾಲ್ಕು ಪ್ರಯತ್ನದಲ್ಲಿ ಚೆಂಡು ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಹೋಯಿತೋ ಇಲ್ಲವೋ ಎಂದು ಸಂಶಯ ಬಂದಾಗ ರೆಫರಿ ಕೈ ಮಾಡುತ್ತಾನೆ, ನಾವು ಸರಪಳಿಯನ್ನು ಮೈದಾನದ ನಡುವೆ ಹೊತ್ತುಕೊಂಡು ಹೋಗಿ ಎಳೆದು ತೋರಿಸುತ್ತೇವೆ. ಇದಕ್ಕೆ ಸಂಬಳ ಇಲ್ಲ. ಮಿಕ್ಕಿದ್ದರೆ ಒಂದು ಸಾಸೇಜ್ ಬನ್ ಬಿಟ್ಟಿ.

ಕೋಚ್ ಓಬರ್ಲಿ ಬದುಕಿದ್ದಾಗ ಈ ಕೆಲಸಕ್ಕೆ ಒಂದು ಘನತೆ ಇತ್ತು. ಓಬರ್ಲಿಗೆ ಗೊತ್ತಿದ್ದುದು ಒಂದೇ ಆಟ. ಊರಿನ ಅತಿ ದಪ್ಪ ಹುಡುಗನ ಹೊಟ್ಟೆಗೆ ಚೆಂಡು ಒತ್ತಿ, ನಡುವೆ ನುಗ್ಗು ಎನ್ನುವುದು. ಅವನು ನುಗ್ಗುತ್ತಿದ್ದ, ಅವನ ಮೇಲೆ ಹದಿನೈದು ಜನ ಬೀಳುತ್ತಿದ್ದರು, ಧೂಳು ಇಳಿದ ಮೇಲೆ ನೋಡಿದರೆ ಮೂರು ಗಜ. ಮತ್ತೆ ಮೂರು. ಮತ್ತೆ ಮೂರು. ಒಂಬತ್ತು ಗಜವಾಯಿತು, ಇನ್ನೊಂದು ಬೇಕು. ಹೀಗಾಗಿ ಒಂದು ಸಂಜೆಗೆ ಎಂಟೊಂಬತ್ತು ಸಲ ಅಳತೆ. ಎರಡು ಸಾವಿರ ಜನ ಉಸಿರು ಹಿಡಿದು ಕೂರುವರು, ಎಲ್ಡನ್ ಕೋಲು ಹಿಡಿದು ನಡುಮೈದಾನಕ್ಕೆ ನಡೆಯುವನು. ಇಟ್ಟಿಗೆ ಕಾರ್ಖಾನೆಯಲ್ಲಿ ಇಟ್ಟಿಗೆ ಅಳೆದು ಸೊಟ್ಟಗಿದ್ದುದನ್ನು ಪಕ್ಕಕ್ಕಿಡುವ ಕೆಲಸ ಅವನದಾಗಿತ್ತು. ಕಾರ್ಖಾನೆ ಮುಚ್ಚಿತು. ಆಮೇಲೆ ಅವನು ಅಳೆಯುವುದಕ್ಕೆ ಉಳಿದದ್ದು ಇದೊಂದೇ.

ಇನ್ನೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ. ನಮ್ಮ ಮೈದಾನದಲ್ಲಿ ಸರಪಳಿಯವರು ನಿಲ್ಲುವುದು ಹೊರಊರಿನ ತಂಡದ ದಂಡೆಯಲ್ಲಿ. ಅಂದರೆ ಇಪ್ಪತ್ತೊಂಬತ್ತು ವರ್ಷ ನಾವು ಶತ್ರುಗಳ ನಡುವೆ ನಿಂತವರು. ನಮ್ಮವರು ಗೆದ್ದರೆ ಚಪ್ಪಾಳೆ ತಟ್ಟುವಂತಿಲ್ಲ, ಸೋತರೆ ಅಯ್ಯೋ ಎನ್ನುವಂತಿಲ್ಲ. ಸಾವಿನ ಮನೆಯಲ್ಲಿ ಕುಳಿತ ಹಾಗೆ ಮುಖ ಇಟ್ಟುಕೊಂಡಿರಬೇಕು. ಎಲ್ಡನ್‌ಗೆ ಆ ಮುಖ ಹುಟ್ಟಿನಿಂದಲೇ ಬಂದಿತ್ತು.

ಆ ವರ್ಷ ಎರಡು ಕೆಡುಕು ಒಟ್ಟಿಗೆ ಬಂದವು. ಮೊದಲನೆಯದು, ಬರುವ ಬೇಸಿಗೆಯಲ್ಲಿ ನಮ್ಮ ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ವಾರೆನ್‌ಫೀಲ್ಡ್ ಶಾಲೆಗೆ ಸೇರಿಸುತ್ತಾರೆ ಎಂಬ ನಿರ್ಧಾರ. ವಾರೆನ್‌ಫೀಲ್ಡ್ ಎಂದರೆ ಎಪ್ಪತ್ತು ವರ್ಷಗಳಿಂದ ನಾವು ಸೋಲಿಸಲು ಹಲ್ಲು ಕಚ್ಚುವ ಊರು. ಅಲ್ಲಿ ಅವರದೇ ಸರಪಳಿ, ಅವರದೇ ಜನ. ಎರಡನೆಯದು, ಹೊಸ ಕೋಚ್ ಡಿಲನ್ ಮೇಸ್.

ಮೇಸ್‌ಗೆ ಇಪ್ಪತ್ತೊಂಬತ್ತು ವರ್ಷ, ನಮ್ಮ ಸರಪಳಿಯ ಓರಗೆಯವನು. ಅವನದು ಹೊಸ ಕಾಲದ ಆಟ. ನೆಲದ ಮೇಲೆ ನುಗ್ಗುವುದು ಕಡಿಮೆ, ಗಾಳಿಯಲ್ಲಿ ಎಸೆಯುವುದು ಜಾಸ್ತಿ. ಒಂದು ಏಟಿಗೆ ಇಪ್ಪತ್ತು ಗಜ, ಇಲ್ಲವೇ ಸೊನ್ನೆ. ಹುಡುಗರು ಗುಂಪು ಕೂಡಿ ಮಾತಾಡುವುದೇ ಇಲ್ಲ. ಒಬ್ಬ ದಂಡೆಯಿಂದ ದೊಡ್ಡ ಫಲಕ ಎತ್ತುತ್ತಾನೆ, ಅದರ ಮೇಲೆ ಚಿತ್ರ. ಬಾಣಲೆ, ಆಮೆ, ಬಾತುಕೋಳಿ, ಅಕಾರ್ಡಿಯನ್ ಎಂಬ ತಿದಿಯ ವಾದ್ಯ. ಅದನ್ನು ನೋಡಿ ಹುಡುಗರು ಓಡುತ್ತಾರೆ. ಅವರ ಹಿಂದೆ ನಾವು, ಒಟ್ಟು ನೂರ ಮೂವತ್ತೆಂಟು ವರ್ಷದ ಇಬ್ಬರು ಮುದುಕರು, ಕೋಲು ಹೊತ್ತು ಓಡುತ್ತೇವೆ. ನಾಲ್ಕು ಪಂದ್ಯ ಕಳೆದವು. ಒಂದು ಅಳತೆಯೂ ಆಗಲಿಲ್ಲ. ಒಂದೇ ಒಂದೂ ಇಲ್ಲ.

ಲುವೆಲ್ಲಾಳ ಹೋಟೆಲಿನಲ್ಲಿ ಮಂಗಳವಾರ ಬೆಳಿಗ್ಗೆ ಎಲ್ಡನ್ ಬಾಯಿ ಬಿಟ್ಟ. ಬಿಡಬಾರದಿತ್ತು.

"ಇದೂ ಒಂದು ಆಟಾನಾ?" ಎಂದ. "ಓಬರ್ಲಿ ಆಟದಲ್ಲಿ ಎದುರಿನವನಿಗೆ ನಾವೇನ್ ಮಾಡ್ತೀವಿ ಅಂತ ಗೊತ್ತಿರ್ತಿತ್ತು. ಗೊತ್ತಿದ್ದೂ ತಡೆಯೋಕೆ ಆಗ್ತಿರ್ಲಿಲ್ಲ. ಅದು ಗಂಡಸ್ತನ. ಇದು ಶಿಶುವಿಹಾರ. ಚಿತ್ರ ತೋರ್ಸು, ಓಡು."

ಹಾರ್ಡ್‌ವೇರ್ ಅಂಗಡಿಯ ಮರ್ವ್ ಮೊಟ್ಟೆ ಚುಚ್ಚುತ್ತ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಓಡೋಕಾಗಲ್ಲ ಅಂತ ಹೇಳೋ, ಮುಗೀತು. ಮೇಸ್ ಆಟ ನಿನ್ನ ತಲೆಗೆ ಹತ್ತೋದಿಲ್ಲ."

"ಹತ್ತೋದಿಲ್ವಾ? ಮೂರು ವಾರದಲ್ಲಿ ಪೂರ್ತಿ ಹತ್ತಿದೆ. ಬಾಣಲೆ ಎತ್ತಿದ್ರೆ ಎಡಕ್ಕೆ ಓಟ. ಆಮೆ ಎತ್ತಿದ್ರೆ ಎಸೆಯೋ ಹಾಗೆ ಮಾಡಿ ನಡುವೆ ನುಗ್ಗೋದು."

ಹೋಟೆಲೆಲ್ಲ ನಕ್ಕಿತು. ಲುವೆಲ್ಲಾ ಕಾಫಿ ಸುರಿಯುತ್ತ, "ಅಯ್ಯೋ ಪಾಪ, ಬಿಡ್ರೋ ಅವನನ್ನ. ಹೆಂಡತಿ ಎತ್ತಿದ ಬಾಣಲೆ ಮಾತ್ರ ಅವನಿಗೆ ಅರ್ಥ ಆಗೋದು" ಎಂದಳು.

ಎಲ್ಡನ್ ಕಾಫಿ ಮುಗಿಸದೆ ಎದ್ದು ಹೋದ. ಅವನು ಕಾಫಿ ಬಿಟ್ಟು ಎದ್ದದ್ದನ್ನು ನಾನು ಅದಕ್ಕೆ ಮೊದಲು ಒಂದೇ ಸಲ ನೋಡಿದ್ದೆ, ಕಾರ್ಖಾನೆ ಮುಚ್ಚಿದ ದಿನ.

ಆ ಶುಕ್ರವಾರ ಡನ್‌ಮೋರ್ ತಂಡ ಬಂದಿತ್ತು. ಆಟ ಶುರುವಾಗುವ ಮೊದಲೇ ಎಲ್ಡನ್ ನನಗೆ, "ಗಸ್, ಇವತ್ತು ಕೇಳಿಸ್ಕೋ" ಎಂದ. ಆಚೆ ದಂಡೆಯಲ್ಲಿ ಚಿತ್ರ ಎದ್ದಿತು. "ಬಾಣಲೆ! ಎಡಕ್ಕೆ!" ಹುಡುಗರು ಎಡಕ್ಕೆ ಓಡಿದರು. "ಬಾತುಕೋಳಿ! ಆ ಉದ್ದದ ಹುಡುಗನಿಗೆ ಎಸೀತಾರೆ!" ಎಸೆದರು. ಹತ್ತಕ್ಕೆ ಹತ್ತೂ ಸರಿ. ನನ್ನ ಬಾಯಿ ತೆರೆದೇ ಇತ್ತು. ಹತ್ತು ಗಜ ದೂರದಲ್ಲಿದ್ದ ನನಗೆ ಕೇಳಲಿ ಎಂದು ಅವನು ಕೂಗಿ ಹೇಳುತ್ತಿದ್ದ. ನಮ್ಮ ಹಿಂದೆ ಎರಡು ಹೆಜ್ಜೆಯಲ್ಲಿ ಡನ್‌ಮೋರ್ ಕೋಚ್ ನಿಂತಿದ್ದ. ದೇವರು ಅವನಿಗೂ ಎರಡು ಕಿವಿ ಕೊಟ್ಟಿದ್ದ.

ಆಟದ ಎರಡನೆಯ ಕಾಲು ಭಾಗದಿಂದ ಡನ್‌ಮೋರ್ ಹುಡುಗರು ನಮ್ಮವರಿಗಿಂತ ಮೊದಲೇ ಎಡಕ್ಕೆ ಹೋಗಿ ಕಾಯತೊಡಗಿದರು. ಮೇಸ್‌ನ ಇಪ್ಪತ್ತು ಗಜ ಎರಡಾಯಿತು, ಮೂರಾಯಿತು. ಹಾಗಾದ ಕೂಡಲೇ ಏನಾಯಿತು? ಅಳತೆ ಬಂತು! ಒಂದು, ಎರಡು, ಒಟ್ಟು ಆರು ಅಳತೆ. ಎಲ್ಡನ್ ಕೋಲು ಹಿಡಿದು ಆರು ಸಲ ನಡುಮೈದಾನಕ್ಕೆ ನಡೆದ, ಆರು ಸಲವೂ ಚೆಂಡು ಒಂದು ಗೇಣು ಹಿಂದೆಯೇ ಉಳಿದಿತ್ತು, ಆರು ಸಲವೂ ಆ ಸಾವಿನ ಮನೆಯ ಮುಖದ ಮೇಲೆ ನಗು ಬಂತು. ಡನ್‌ಮೋರ್‌ನವರು ಅವನಿಗೆ ಬಿಸಿ ಕಾಫಿ ಕೊಟ್ಟರು, ಭುಜಕ್ಕೆ ಕಂಬಳಿ ಹೊದಿಸಿದರು, ಸಾಸಿವೆ ಹಚ್ಚಿದ ದೊಡ್ಡ ಸಾಸೇಜ್ ಕೊಟ್ಟರು.

"ಎಷ್ಟು ಒಳ್ಳೇ ಜನ ಮಾರಾಯ!" ಎಂದ ಎಲ್ಡನ್, ಬಾಯಿ ತುಂಬಿಕೊಂಡು. "ನಮ್ಮೂರಲ್ಲಿ ಒಂದು ಸಲ ಆದ್ರೂ ಕಂಬಳಿ ಕೊಟ್ಟಿದ್ರಾ?"

ನಲವತ್ತೊಂದಕ್ಕೆ ಆರು. ನಾವು ಆರು.

ಹೊಸ ಕಾಲದ ಕೋಚ್‌ಗಳು ಎಲ್ಲವನ್ನೂ ವಿಡಿಯೋ ಮಾಡಿಸುತ್ತಾರೆ. ಭಾನುವಾರ ಮಧ್ಯಾಹ್ನ ಮೇಸ್ ಎಲ್ಡನ್‌ನ ಮನೆ ಬಾಗಿಲಿಗೆ ಬಂದ. ನಾನು ಅಲ್ಲೇ ಇದ್ದೆ. ಎಲ್ಡನ್‌ನ ಹೆಂಡತಿ ವರ್ನಾ ಎಲೆಕೋಸಿನ ಸುರುಳಿ ಬೇಯಿಸಿದ್ದಳು, ಅದನ್ನು ಬಿಟ್ಟುಬರುವುದು ನನ್ನಂಥ ಒಂಟಿಗೆ ಸಾಧ್ಯವಿರಲಿಲ್ಲ. ಮೇಸ್ ಟ್ಯಾಬ್ಲೆಟ್ ತೆರೆದು ಮೇಜಿನ ಮೇಲಿಟ್ಟ. ಅದರಲ್ಲಿ ಎಲ್ಡನ್ ಕೂಗುತ್ತಿದ್ದ, ಬೆರಳು ತೋರುತ್ತಿದ್ದ, ನಗುತ್ತಿದ್ದ, ಸಾಸೇಜ್ ತಿನ್ನುತ್ತಿದ್ದ. ಸಾಸೇಜನ್ನು ಮೇಸ್ ಎರಡು ಸಲ ತೋರಿಸಿದ.

"ಮಿಸ್ಟರ್ ಕೊವಾಚ್, ಇದಕ್ಕೆ ಏನ್ ಹೇಳ್ತೀರಾ?"

"ಚೆನ್ನಾಗಿತ್ತು" ಎಂದ ಎಲ್ಡನ್. "ಸಾಸಿವೆ ಸ್ವಲ್ಪ ಜಾಸ್ತಿ."

ಮೇಸ್ ಬಾಗಿಲು ಬಡಿದುಕೊಂಡು ಹೋದ. ವರ್ನಾ ಗಂಡನ ಮುಂದಿನ ತಟ್ಟೆ ಎತ್ತಿಕೊಂಡಳು. "ರೀ, ನಿಮಗೆ ಮನೇಲಿ ಊಟ ಹಾಕಿರ್ಲಿಲ್ವಾ ನಾನು?"

ಸೋಮವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಎಲ್ಡನ್ ಕೊವಾಚ್ ಶಾಲೆಯ ಗುಟ್ಟನ್ನು ಒಂದು ಸಾಸೇಜಿಗೆ ಮಾರಿದ. "ಯೇಸುವನ್ನ ಹಿಡಿದುಕೊಟ್ಟ ಯೂದ ಆದ್ರೂ ಮೂವತ್ತು ಬೆಳ್ಳಿ ನಾಣ್ಯ ಕೇಳಿದ್ದ" ಎಂದ ಮರ್ವ್. ಮಾಂಸದಂಗಡಿಯಲ್ಲಿ ವರ್ನಾ ಸಾಸೇಜ್ ಕೇಳಿದರೆ ಹಿಂದೆ ನಿಂತವರು ಕೆಮ್ಮಿದರು. ಬೆಳಗೆದ್ದು ನೋಡಿದರೆ ಮನೆ ಮುಂದಿನ ಹುಲ್ಲಿನಲ್ಲಿ ಒಂದು ಬಾಣಲೆ ನೆಟ್ಟಿತ್ತು. ಮರುದಿನ ಮೂರು. ಗುರುವಾರದ ಹೊತ್ತಿಗೆ ಹನ್ನೊಂದು. ವರ್ನಾ ಅವುಗಳಲ್ಲಿ ಒಳ್ಳೆಯವು ಎರಡನ್ನು ತೊಳೆದು ಒಳಗಿಟ್ಟುಕೊಂಡಳು. ಅವಳು ನಗುತ್ತಿರಲಿಲ್ಲ.

ವಿಚಾರಣೆ ಶಾಲೆಯ ಗ್ರಂಥಾಲಯದಲ್ಲಿ. ಅಧ್ಯಕ್ಷತೆ ಮುಖ್ಯೋಪಾಧ್ಯಾಯಿನಿ ಮಿಸ್ ಹಾಲೊವೇ. ಮುಚ್ಚಲಿರುವ ಶಾಲೆಯಲ್ಲಿ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಯಾಗಿತ್ತು, ನಾವು ಆ ಪೆಟ್ಟಿಗೆಗಳ ಮೇಲೆ ಕುಳಿತೆವು. ದಾರಿಯಲ್ಲಿ ನಾನು ಎಲ್ಡನ್‌ಗೆ ಪಾಠ ಹೇಳಿಕೊಟ್ಟಿದ್ದೆ.

"ನೋಡು, ಏನೂ ಗೊತ್ತಿಲ್ಲ ಅನ್ನು. ಬಾಯಿಗೆ ಬಂದಿದ್ದು ಕೂಗಿದೆ, ವಯಸ್ಸಾಯ್ತು, ಕಣ್ಣು ಮಂಜು ಅನ್ನು. ಬಿಟ್ಟುಬಿಡ್ತಾರೆ. ವಾರೆನ್‌ಫೀಲ್ಡ್ ಪಂದ್ಯ ಒಂದೇ ಉಳಿದಿರೋದು. ಕೋಲು ಬೇಕೋ ಬೇಡ್ವೋ?"

"ಬೇಕು ಗಸ್" ಎಂದ. "ಆ ಕೊನೇ ಪಂದ್ಯ ಒಂದು ಹಿಡಿದು ಮುಗಿಸಿಬಿಟ್ರೆ ಸಾಕು. ಆಮೇಲೆ ಏನಾದ್ರೂ ಆಗ್ಲಿ."

ಹೇಳಿಕೊಟ್ಟಂತೆಯೇ ಶುರು ಮಾಡಿದ. ಕಣ್ಣು ಮಂಜು ಎಂದ. ಮಿಸ್ ಹಾಲೊವೇ ಕರಗಿದಳು, ಮೂಗು ಒರೆಸಿಕೊಂಡಳು. ಎಲ್ಲ ಮುಗಿದೇ ಹೋಗಿತ್ತು. ಆದರೆ ಮೇಸ್‌ನ ಸಂಕಟ ನೋಡಿ. ಎಲ್ಡನ್ ನಿರಪರಾಧಿಯಾದರೆ ಮೇಸ್‌ನ ಮಹಾವಿದ್ಯೆಯನ್ನು ಇಟ್ಟಿಗೆ ಕಾರ್ಖಾನೆಯ ಮುದುಕನೊಬ್ಬ ನಿಂತಲ್ಲೇ ಕಲಿತ ಹಾಗಾಯಿತು. ಎಲ್ಡನ್ ಕಳ್ಳನಾದರೆ ಮಾತ್ರ ಆ ವಿದ್ಯೆಗೆ ಮರ್ಯಾದೆ.

"ಮೇಡಂ, ಒಂದು ಮಾತು" ಎಂದು ಮೇಸ್ ಎದ್ದ. "ನನ್ನ ಪದ್ಧತೀಲಿ ನೂರ ನಲವತ್ತು ತಂತ್ರ ಇದೆ. ಕಾಲೇಜು ಓದಿದವರಿಗೇ ಒಂದು ವರ್ಷ ಬೇಕು. ಮಿಸ್ಟರ್ ಕೊವಾಚ್ ಹಳೇ ಕಾಲದವರು. ಮೂರು ಗಜದ ಆಟ ಬಿಟ್ಟು ಅವರಿಗೆ ಏನೂ ಅರ್ಥ ಆಗೋಕೆ ಸಾಧ್ಯಾನೇ ಇಲ್ಲ. ಯಾರೋ ನಮ್ಮ ಪುಸ್ತಕಾನೇ ಕದ್ದು ಕೊಟ್ಟಿದ್ದಾರೆ."

ನಾನು ಎಲ್ಡನ್‌ನ ಕಾಲು ತುಳಿದೆ. ತಡವಾಗಿತ್ತು.

"ಎತ್ತು ಫಲಕ" ಎಂದ ಎಲ್ಡನ್.

ಮೇಸ್ ಎತ್ತಿದ. ಎಲ್ಡನ್ ಹೇಳಿದ. ಮತ್ತೊಂದು ಎತ್ತಿದ, ಮತ್ತೊಂದು ಹೇಳಿದ. ಇಪ್ಪತ್ತೆರಡು ಫಲಕ, ಒಂದೂ ತಪ್ಪಲಿಲ್ಲ. ಮಂಜು ಕಣ್ಣು ಗ್ರಂಥಾಲಯದ ಆ ತುದಿಯಿಂದ ಬಾತುಕೋಳಿಯ ಕೊಕ್ಕಿನ ಬಣ್ಣವನ್ನೂ ಹೇಳಿತು. ಕೊನೆಗೆ ಉಪದೇಶ ಬೇರೆ. "ಅಕಾರ್ಡಿಯನ್ ಇದ್ದಾಗ ನಿನ್ನ ಎಡಗಡೆ ದಪ್ಪ ಹುಡುಗ ಮೊದಲೇ ಒಂದು ಕಾಲು ಹಿಂದೆ ಇಡ್ತಾನೆ. ಅದನ್ನ ತಿದ್ದು. ಇಲ್ಲದಿದ್ರೆ ಕುರುಡನಿಗೂ ಗೊತ್ತಾಗುತ್ತೆ."

ಮಿಸ್ ಹಾಲೊವೇ ಮೂಗಿನ ಕರವಸ್ತ್ರ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ಎಲ್ಡನ್‌ನ ಕೋಲನ್ನು ಗಣಿತದ ಮೇಷ್ಟ್ರು ಪ್ರುಯಿಟ್‌ಗೆ ಕೊಡಲಾಯಿತು.

ಕೊನೆಯ ಪಂದ್ಯದ ಸಂಜೆ ಮಳೆ, ಹಿಮ ಎರಡೂ ಅಲ್ಲದ ಏನೋ ಬೀಳುತ್ತಿತ್ತು. ಊರು ಪೂರಾ ಬಂದಿತ್ತು. ಊರು ಬಿಟ್ಟುಹೋದವರೂ ಬಂದಿದ್ದರು. ಎಲ್ಡನ್ ಮತ್ತು ವರ್ನಾ ನಮ್ಮವರ ಕಡೆಯ ಮೆಟ್ಟಿಲ ಸಾಲಿನಲ್ಲಿ ಕುಳಿತಿದ್ದರು, ಅವರ ಸುತ್ತ ಎರಡು ಸಾಲು ಖಾಲಿ. ಅವನು ಆ ಕಡೆಯಿಂದ ಆಟ ನೋಡುತ್ತಿದ್ದುದು ಅದೇ ಮೊದಲು. ಚಂದ್ರನಿಗಿಂತ ದೂರ ಅನ್ನಿಸಿರಬೇಕು ಅವನಿಗೆ ಆ ಮೈದಾನ. ಎರಡು ಕೈಯನ್ನೂ ಮುಷ್ಟಿ ಮಾಡಿ ಒಂದರ ಮೇಲೊಂದು ಇಟ್ಟುಕೊಂಡಿದ್ದ. ಇಲ್ಲದ ಕೋಲನ್ನು ಹಿಡಿದುಕೊಂಡಿದ್ದಾನೆ ಎಂದು ನನಗೆ ಮಾತ್ರ ಗೊತ್ತಾಯಿತು.

ಗುಟ್ಟು ಬಯಲಾಯಿತೆಂದು ಮೇಸ್ ಒಂದೇ ವಾರದಲ್ಲಿ ಚಿತ್ರಗಳ ಅರ್ಥವನ್ನೆಲ್ಲ ಬದಲಾಯಿಸಿದ್ದ. ಬಾಣಲೆ ಎತ್ತಿದರೆ ಈಗ ಬಲಕ್ಕೆ. ಅರ್ಧ ಹುಡುಗರು ಬಲಕ್ಕೆ ಓಡಿದರು, ಅರ್ಧ ಹುಡುಗರು ಹಳೆಯ ಅಭ್ಯಾಸದಂತೆ ಎಡಕ್ಕೆ ಓಡಿದರು, ನಡುವೆ ಚೆಂಡು ಹಿಡಿದವನು ಅನಾಥನಾಗಿ ನಿಂತ. ಆದರೂ ಕಷ್ಟಪಟ್ಟು ಹತ್ತು ಅಂಕ ಮಾಡಿದರು. ವಾರೆನ್‌ಫೀಲ್ಡ್ ಹದಿನಾಲ್ಕು. ಕೊನೆಯ ಎಂಟು ನಿಮಿಷ ಉಳಿದಿದ್ದಾಗ ಮೇಸ್ ಕೈಯಲ್ಲಿದ್ದ ಅಕಾರ್ಡಿಯನ್ ಫಲಕವನ್ನು ಕೆಸರಿಗೆ ಎಸೆದು ಕೂಗಿದ್ದು ಆಚೆ ದಂಡೆಯ ನನಗೂ ಕೇಳಿಸಿತು.

"ಹಾಳಾಗ್ಲಿ! ಮುದುಕರ ಆಟಾನೇ ಆಡ್ರೋ! ನಡುವೆ ನುಗ್ಗಿ!"

ನುಗ್ಗಿದರು. ಮೂರು ಗಜ. ಮತ್ತೆ ಮೂರು. ಜನ ಎದ್ದು ನಿಂತರು. ನಲವತ್ತು ವರ್ಷದ ಹಿಂದೆ ಹೀಗೇ ನುಗ್ಗಿದ್ದ ದಪ್ಪ ಹುಡುಗರು, ಈಗ ಬರೀ ದಪ್ಪ ಉಳಿದವರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಇನ್ನು ಒಂದೇ ನಿಮಿಷ. ನಾಲ್ಕನೆಯ ಪ್ರಯತ್ನ, ಒಂದು ಗಜ ಬೇಕು. ಚೆಂಡು ಹೊಟ್ಟೆಗೆ ಹೋಯಿತು, ಎಲ್ಲರೂ ಎಲ್ಲರ ಮೇಲೆ ಬಿದ್ದರು, ರೆಫರಿ ಒಬ್ಬೊಬ್ಬರನ್ನೇ ಎಬ್ಬಿಸಿ ಚೆಂಡು ನೋಡಿದ. ಕೈ ಮಾಡಿದ. ಅಳತೆ.

ಸರಪಳಿ ಎತ್ತುವ ಮೊದಲು ಒಂದು ಕೆಲಸವಿದೆ. ಮೈದಾನದ ಒಂದು ಅಡ್ಡಗೆರೆಗೆ ನೇರವಾಗಿ ಸರಪಳಿಗೆ ಒಂದು ಕ್ಲಿಪ್ ಕಚ್ಚಿಸಬೇಕು. ನಡುಮೈದಾನದಲ್ಲಿ ಅದೇ ಗೆರೆಯ ಮೇಲೆ ಆ ಕ್ಲಿಪ್ ಇಟ್ಟರೆ ಸರಪಳಿ ತಾನು ಇದ್ದ ಜಾಗಕ್ಕೇ ಬರುತ್ತದೆ. ಎಲ್ಡನ್ ಅದನ್ನು ನಿದ್ದೆಯಲ್ಲೂ ಮಾಡುತ್ತಿದ್ದ. ಗಣಿತದ ಮೇಷ್ಟ್ರಿಗೆ ಉತ್ಸಾಹ ಉಕ್ಕಿ, ಕ್ಲಿಪ್ ಮರೆತು, ಕೋಲು ಕಿತ್ತುಕೊಂಡು ಓಡಿಯೇಬಿಟ್ಟರು. ಹತ್ತು ಗಜ ಸರಪಳಿಯ ಈ ತುದಿಯಲ್ಲಿದ್ದ ನಾನೂ ಹಿಂದೆ ದರದರ ಹೋದೆ.

ರೆಫರಿ ತಲೆ ಚಚ್ಚಿಕೊಂಡ. "ಗಸ್, ಹಿಂದಿನ ಕೋಲು ಎಲ್ಲಿತ್ತು?"

"ನನಗೆ ಗೊತ್ತು" ಎಂದೆ.

ವಾರೆನ್‌ಫೀಲ್ಡ್ ಕೋಚ್ ಓಡಿ ಬಂದ. "ಅವನು ಟಿಲ್ಡನ್ ಫೋರ್ಕ್ ಮನುಷ್ಯ. ನಾನು ಒಪ್ಪಲ್ಲ. ಕೊವಾಚ್ ಎಲ್ಲಿ? ಇಪ್ಪತ್ತು ವರ್ಷ ನನ್ನ ಪಕ್ಕ ನಿಂತಿದ್ದಾನೆ. ಎಲ್ಲಿ ಕೂತಿದ್ರೂ ಅವನ ಕಣ್ಣು ಕೋಲಿನ ಬುಡದ ಮೇಲೇ ಇರುತ್ತೆ. ಅವನು ಹೇಳಿದ್ರೆ ಒಪ್ತೀನಿ."

ಧ್ವನಿವರ್ಧಕದಲ್ಲಿ ಎಲ್ಡನ್ ಕೊವಾಚ್ ಎಂದು ಕೂಗಿದರು. ಮೆಟ್ಟಿಲ ಸಾಲಿನಿಂದ ಒಂದು ಗೊಣಗು ಎದ್ದಿತು. "ನೋಡಿದ್ರಾ! ಶತ್ರುಗಳೇ ಅವನನ್ನ ಕೇಳ್ತಿದ್ದಾರೆ!" ಎಂದು ಮರ್ವ್ ಅರಚಿದ್ದು ನನಗೆ ಕೇಳಿಸಿತು. ವರ್ನಾ ಗಂಡನ ಟೋಪಿ ಸರಿಮಾಡಿ ಬೆನ್ನು ತಳ್ಳಿದಳು. ಅವನು ಕುಂಟುತ್ತ ಇಳಿದು ಬಂದ. ಎರಡು ಸಾವಿರ ಜನ ಉಸಿರು ಹಿಡಿದರು. ಪ್ರುಯಿಟ್ ಮೇಷ್ಟ್ರು ಕೋಲು ಕೊಟ್ಟು ದೂರ ಸರಿದರು.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ಅವನು ಇಳಿದು ಬರುವಷ್ಟರಲ್ಲಿ ನಾನು ನನ್ನ ಕೋಲನ್ನು ಊರಿದ್ದೆ. ಅದು ಇದ್ದ ಜಾಗಕ್ಕಿಂತ ಒಂದು ಬೂಟಿನಷ್ಟು ಹಿಂದೆ. ಹಿಂದಿನ ಕೋಲು ಹಿಂದೆ ಸರಿದರೆ ಮುಂದಿನದೂ ಸರಿಯುತ್ತದೆ, ಚೆಂಡು ಗೆಲ್ಲುತ್ತದೆ, ನಮಗೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ. ಕೊನೆಯ ಪಂದ್ಯ. ಕೊನೆಯ ಶಾಲೆ. ಒಂದು ಬೂಟು. ಯಾರಿಗೆ ಗೊತ್ತಾಗುತ್ತದೆ?

ಎಲ್ಡನ್ ತನ್ನ ಕೋಲು ಹಿಡಿದು ಸರಪಳಿಯ ಉದ್ದಕ್ಕೂ ನನ್ನ ಕಡೆ ನೋಡಿದ. ನನ್ನ ಕೋಲಿನ ಬುಡ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಸರಪಳಿಯನ್ನು ಮೆಲ್ಲಗೆ ಒಂದು ಸಲ ಜಗ್ಗಿದ.

"ಗಸ್" ಎಂದ. ಅಷ್ಟೇ, ನನಗೆ ಮಾತ್ರ ಕೇಳುವಷ್ಟು.

ನಾನು ಕೋಲು ಎತ್ತಿ ಒಂದು ಬೂಟು ಮುಂದೆ ಇಟ್ಟೆ. "ಬಿಗಿ ಮಾಡ್ತಿದ್ದಾರೆ" ಎಂದ ರೆಫರಿ ವಾರೆನ್‌ಫೀಲ್ಡ್ ಕೋಚ್‌ಗೆ. ಎಲ್ಡನ್ ಸರಪಳಿ ಎಳೆದು ಕೋಲನ್ನು ಚೆಂಡಿನ ಪಕ್ಕ ಊರಿದ. ನಾಲ್ಕು ಬೆರಳು ಸಾಲಲಿಲ್ಲ. ಚೆಂಡು ವಾರೆನ್‌ಫೀಲ್ಡ್ ಪಾಲಾಯಿತು, ಅವರು ಮುಂದೆ ಆಡದೆ ಚೆಂಡು ಹಿಡಿದು ಮಂಡಿ ಊರಿ ಉಳಿದ ಸಮಯ ಕಳೆದರು, ನಮ್ಮ ಶಾಲೆ ಮುಗಿಯಿತು. ಜನ ಸದ್ದಿಲ್ಲದೆ ಎದ್ದು ಹೋದರು. ಬೈಯುವುದಕ್ಕೂ ಯಾರೂ ಎಲ್ಡನ್‌ನ ಹತ್ತಿರ ಬರಲಿಲ್ಲ. ಅವನು ಸರಪಳಿಯ ಕೆಸರನ್ನು ಕೊಂಡಿ ಕೊಂಡಿಯಾಗಿ ಒರೆಸಿ ಚೀಲಕ್ಕೆ ತುಂಬಿದ.

ಶನಿವಾರ ಬೆಳಿಗ್ಗೆ ನನ್ನ ಕ್ಷೌರದಂಗಡಿಯಲ್ಲಿ ಜನವೋ ಜನ. ತಲೆ ಕತ್ತರಿಸಿಕೊಳ್ಳಲು ಯಾರೂ ಬಂದಿರಲಿಲ್ಲ.

"ಒಂದು ಸಾಸೇಜಿಗೆ ಶುರು ಮಾಡಿ, ಊರನ್ನೇ ನುಂಗಿದ" ಎಂದ ಮರ್ವ್. "ಗಸ್ ಸರಿಯಾಗಿ ಇಟ್ಟಿದ್ದ ಕೋಲನ್ನ ಅವನೇ ಸರಿಸಿದ್ದು. ನಾನು ಕಣ್ಣಾರೆ ನೋಡ್ದೆ. ಅಲ್ವಾ ಗಸ್?"

ಆ ಹೊತ್ತಿಗೆ ಬಾಗಿಲ ಗಂಟೆ ಅಲ್ಲಾಡಿತು. ಎಲ್ಡನ್ ಒಳಗೆ ಬಂದ. ಒಬ್ಬೊಬ್ಬರೇ ಎದ್ದು, ಟೋಪಿ ಹಾಕಿಕೊಂಡು, ಅವನನ್ನು ಬಳಸಿಕೊಂಡು ಹೊರಗೆ ಹೋದರು. ಗಾಜಿನ ಆಚೆ ಕಾಲುದಾರಿಯ ಮೇಲೇ ನಿಂತು ಮಾತು ಮುಂದುವರಿಸಿದರು.

ಎಲ್ಡನ್ ಕುರ್ಚಿಯಲ್ಲಿ ಕುಳಿತ. ನಾನು ಬಿಳಿ ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದೆ.

"ಕೊನೇ ಅಳತೆ ಚೆನ್ನಾಗಿ ಬಂತು ಗಸ್" ಎಂದ. "ಬಿಗಿಯಾಗಿ ಹಿಡ್ಕೊಂಡಿದ್ದೆ ನೀನು." ಕಣ್ಣು ಮುಚ್ಚಿಕೊಂಡ.

ನಾನು ಕನ್ನಡಿಯಲ್ಲಿ ಬಾಗಿಲು ನೋಡಿದೆ. ಆಚೆ ಮರ್ವ್ ಕೈ ಬೀಸಿ ಬೀಸಿ ಹೇಳುತ್ತಿದ್ದ. ಬಾಗಿಲು ತೆಗೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕುರ್ಚಿಯಿಂದ ಬಾಗಿಲಿಗೆ ಎಷ್ಟು ದೂರ ಎಂದು ಇಪ್ಪತ್ತೊಂಬತ್ತು ವರ್ಷ ಸರಪಳಿ ಹಿಡಿದವನಿಗೆ ಅಳೆಯದೇ ಗೊತ್ತಾಗುತ್ತದೆ. ಮೂರು ಗಜ.

ನಾನು ಕತ್ತರಿ ಕೈಗೆತ್ತಿಕೊಂಡೆ.